ದಯೆಯ ಪಡಿ: ‘ಪೇಪರ್ಸ್, ಪ್ಲೀಸ್’ ಆಟದ ಗಡಿ

ವಿಡಿಯೊ ಆಟಗಳು ಆಡುವವರ ನೀತಿಪ್ರಜ್ಞೆಯನ್ನು ಕೆಡಿಸುತ್ತವೆಯೇ, ತಿದ್ದುತ್ತವೆಯೇ ಎಂಬ ಚರ್ಚೆ ಸಾಮಾನ್ಯವಾಗಿ ಕಥಾವಸ್ತುವಿನ ಸುತ್ತಲೇ ನಡೆಯುತ್ತದೆ. ಲೂಕಸ್ ಪೋಪ್ ರೂಪಿಸಿ 2013ರಲ್ಲಿ ಹೊರತಂದ ‘ಪೇಪರ್ಸ್, ಪ್ಲೀಸ್’ ಆಟವು ನಮ್ಮ ಗಮನವನ್ನು ಕಥೆಗಿಂತ ನಿಯಮಗಳತ್ತ ಸೆಳೆಯುತ್ತದೆ.

ಆಟ ಶುರುವಾಗುವುದು 1982ರ ನವೆಂಬರ್‌ನಲ್ಲಿ. ಆರ್‌ಸ್ಟೋಟ್ಸ್ಕಾ ಎಂಬ ಕಲ್ಪಿತ ರಾಷ್ಟ್ರವು ನೆರೆಯ ಕೊಲೇಚಿಯಾದೊಡನೆ 6 ವರ್ಷ ಕಾದಾಡಿ, ಗಡಿಪಟ್ಟಣ ಗ್ರೆಸ್ಟಿನ್‌ನ ಅರ್ಧಭಾಗವನ್ನು ಮರಳಿ ವಶಪಡಿಸಿಕೊಂಡಿದೆ. ಆಟಗಾರನು ಅಲ್ಲಿನ ತಪಾಸಣಾಧಿಕಾರಿ. ತಪಾಸಣೆ ಮುಗಿಸಿದ ತಲೆಯೊಂದಕ್ಕೆ 5 ಕ್ರೆಡಿಟ್ ಸಂಬಳ. ಅದರಲ್ಲಿಯೇ ಮನೆಬಾಡಿಗೆ, ಊಟ, ಔಷಧ ಎಲ್ಲವೂ ನಡೆಯಬೇಕು. ದಿನದ ಮೊದಲ ಎರಡು ತಪ್ಪುಗಳಿಗೆ ಎಚ್ಚರಿಕೆ ಮಾತ್ರ, ಮೂರನೆಯದರಿಂದ ದಂಡ.

ಒಮ್ಮೆ ಕಾಗದಪತ್ರಗಳೆಲ್ಲ ಸರಿಯಿರುವ ಗಂಡನೊಬ್ಬ ಬರುತ್ತಾನೆ. ಅವನ ಹಿಂದೆ ಬಂದ ಹೆಂಡತಿಯ ಬಳಿ ಪ್ರವೇಶಪತ್ರವಿಲ್ಲ. ಮರಳಿ ಹೋದರೆ ತನ್ನ ಜೀವ ಉಳಿಯದೆಂದು ಆಕೆ ಅಂಗಲಾಚುತ್ತಾಳೆ. ಒಳಗೆ ಬಿಟ್ಟರೆ ಅದು ‘ತಪ್ಪು’ ಎಂದು ದಾಖಲಾಗುತ್ತದೆ. ಅಂದು ಆಗಲೇ ಎರಡು ಬಾರಿ ಎಡವಿದವನ ಕರುಣೆಗೆ ದಂಡ ಬೀಳುತ್ತದೆ, ಮನೆಯ ಖರ್ಚಿಗೆ ಕತ್ತರಿ ಬೀಳುತ್ತದೆ. ಅಲ್ಲಿಯವರೆಗೆ ತಪ್ಪಿಲ್ಲದೆ ದುಡಿದವನ ಕರುಣೆಗೆ ದಂಡವಿಲ್ಲ. ಈ ವ್ಯವಸ್ಥೆ ದಯೆಯನ್ನು ಪೂರ್ತಿಯಾಗಿ ನಿಷೇಧಿಸುವುದಿಲ್ಲ. ಅದಕ್ಕೊಂದು ಪಡಿಯನ್ನು ಗೊತ್ತುಮಾಡುತ್ತದೆ. ಆ ಪಡಿ ಸುಲಭವಾಗಿ ದಕ್ಕುವುದು ವ್ಯವಸ್ಥೆಯ ನಿಷ್ಠಾವಂತ ಸೇವಕನಿಗೆ. ಆಟದ ರಾಜಕೀಯ ವಿಮರ್ಶೆಯ ತಿರುಳು ಇಲ್ಲಿದೆ.

ಆದರೆ ಗಡಿನಾಡಿನ ಓದುಗನಿಗೆ ಒಂದು ಕೊರತೆ ಕಾಣದಿರದು. ಕಿಟಕಿಯ ಮುಂದೆ 7 ದೇಶಗಳ ಪಾಸ್‌ಪೋರ್ಟ್‌ಗಳು ಬರುತ್ತವೆ. ಯಾರಿಗೂ ದುಭಾಷಿ ಬೇಕಾಗುವುದಿಲ್ಲ. ಇಬ್ಭಾಗವಾದ ಊರಿನ ನುಡಿ ಯಾವುದೆಂಬ ಪ್ರಶ್ನೆಯೇ ಏಳುವುದಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡಿನ ಕನ್ನಡಿಗರು ಎಲ್ಲಿಗೂ ಹೋಗಲಿಲ್ಲ. ಇದ್ದಲ್ಲಿಯೇ ಇದ್ದವರ ಊರು ಕೇರಳಕ್ಕೆ ಸೇರಿತು. ಅಲ್ಲಿ ಪಾಸ್‌ಪೋರ್ಟೂ ಇಲ್ಲ, ಬಂದೂಕಿನ ಕಾವಲೂ ಇಲ್ಲ. ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಆದರೂ ಕಚೇರಿಯ ನಮೂನೆ ತನ್ನ ನುಡಿಯಲ್ಲಿಲ್ಲದಾಗ ಕಿಟಕಿಯ ಮುಂದೆ ನಿಂತವನ ಅಸಹಾಯಕತೆ ಎಂಥದೆಂಬುದು ಭಾಷಾ ಅಲ್ಪಸಂಖ್ಯಾತರಿಗೆ ಹೊಸದಲ್ಲ. ಎಲ್ಲರ ಮಾತೂ ತಿಳಿಯುವ ಅಧಿಕಾರಿ ಎಸಗುವ ಅನ್ಯಾಯ ಅರಿತು ಎಸಗಿದ್ದು. ಮಾತು ತಿಳಿಯದೆಯೇ, ಯಾರ ದುರುದ್ದೇಶವೂ ಇಲ್ಲದೆಯೇ ಘಟಿಸುವ ಅನ್ಯಾಯಕ್ಕೆ ಈ ಆಟದಲ್ಲಿ ಎಡೆಯಿಲ್ಲ.

ಈ ಆಟ ಆಡಿದವನನ್ನು ಸಜ್ಜನನನ್ನಾಗಿಸುತ್ತದೆಂದು ಹೇಳುವುದು ಅತಿಯಾದೀತು. ಮುದ್ರೆಯನ್ನು ಹಿಡಿದ ಕೈ ಎಷ್ಟು ಬೇಗ ಮನುಷ್ಯರನ್ನು ಮರೆತು ಕಾಗದಕ್ಕೆ ಒಗ್ಗಿಕೊಳ್ಳುತ್ತದೆ ಎಂಬುದನ್ನು ಅದು ತೋರಿಸಿಕೊಡುತ್ತದೆ. ಆ ಕೈ ತನ್ನದೇ ಎಂಬುದನ್ನು ಆಟಗಾರ ಅಲ್ಲಗಳೆಯಲಾರ.