ನಾಯಿಮರಿ ಚೀಟಿಗೊಂದು ಟೀಕು

ಬಸವನ ಬಾಗೇವಾಡಿಯ ಸೀಮೆಯಲ್ಲಿ ಟೀಕು ಎಂದರೆ ವಚನಕ್ಕೆ ಬರೆಯುವಂಥದು. ನಾನು ಟೀಕು ಬರೆಯಹೊರಟಿರುವುದು ನಾಯಿಮರಿ ಮಾರುವ ಚೀಟಿಗೆ. ತಾಂಬಾ, ಇಂಡಿ, ಸಿಂದಗಿ ಕಡೆಯ ಮೊಬೈಲುಗಳಲ್ಲಿ ಇಂಥ ಚೀಟಿಗಳು ಓಡಾಡುತ್ತಲೇ ಇರುತ್ತವೆ. ನಾಲ್ಕಾರು ಚೀಟಿಗಳ ಮಾತು ಕೂಡಿಸಿ ಒಂದು ಮಾಡಿದ್ದೇನೆ, ಯಾರೊಬ್ಬರ ಚೀಟಿಯೂ ಇದಲ್ಲ. ಮಾರುವವರನ್ನು ಬೈಯುವುದು ನನ್ನ ಕೆಲಸವಲ್ಲ. ಅವರಲ್ಲಿ ಹೆಚ್ಚಿನವರು ನಾಯಿ ಅಂದರೆ ಜೀವ ಬಿಡುವವರು. ಅವರ ಮಾತನ್ನೇ ಅವರ ಎದುರಿಗೆ ಹಿಡಿದು ಬಿಡಿಸಿ ಓದುವುದಷ್ಟೇ ಕೆಲಸ.

ಚೀಟಿ ಹೀಗಿದೆ:

ಒರಿಜಿನಲ್ ಮುಧೋಳ ನಾಯಿಮರಿ ಮಾರಾಟಕ್ಕ ಅದಾವ, ಪ್ಯೂರ್ ಬ್ರೀಡ್.
ಅವ್ವ ಅಪ್ಪ ಎರಡೂ ನಮ್ಮ ಮನ್ಯಾಗಿನ್ವೇ.
ಮೂವತ್ತು ದಿನದ ಮರಿ, ಇಂಜೆಕ್ಷನ್ ಎಲ್ಲಾ ಆಗ್ಯಾವ.
ಅವ್ವ ಛಲೋ ಈಯೂ ನಾಯಿ, ವರ್ಷಕ್ಕ ಎರಡು ಸೂಲು.
ಮೊಲದ ಬೆನ್ನ ಹತ್ತಿದ್ರ ಬಿಡೂದಿಲ್ಲ.
ಕ್ರಾಸಿಂಗಿಗೆ ಗಂಡೂ ಸಿಗತದ.
ಒಯ್ದ ಮರಿ ವಾಪಸ್ ಇಲ್ಲ.

"ಒರಿಜಿನಲ್ ಮುಧೋಳ ನಾಯಿಮರಿ ಮಾರಾಟಕ್ಕ ಅದಾವ, ಪ್ಯೂರ್ ಬ್ರೀಡ್."

ಇಲ್ಲಿ ತೂಕದ ಪದಗಳು ಎರಡು: ಒರಿಜಿನಲ್, ಪ್ಯೂರ್. ಮುಧೋಳ ನಮಗೆ ದೂರವಲ್ಲ. ವಿಜಯಪುರದಿಂದ ಕೃಷ್ಣೆ ದಾಟಿ ಜಮಖಂಡಿ ಹಿಡಿದರೆ ಮುಂದಿನ ಊರು ಅದೇ. ಅಲ್ಲಿನ ಘೋರ್ಪಡೆ ಸಂಸ್ಥಾನಿಕರು ಬೇಟೆಗಾಗಿ ಬೆಳೆಸಿದ ತಳಿ ಇದು. ಉದ್ದ ಮುಖ, ಆಳವಾದ ಎದೆ, ಬೆನ್ನಿಗೆ ಅಂಟಿದ ಹೊಟ್ಟೆ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಶಿ ನಾಯಿಗಳ ಅಂಚೆಚೀಟಿ ತಂದಾಗ ಇದೂ ಒಂದಾಗಿತ್ತು. 2020ರ ಆಗಸ್ಟಿನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಇದರ ಹೆಸರೆತ್ತಿದ ಮೇಲಂತೂ ಮರಿಗೆ ಗಿರಾಕಿ ಹೆಚ್ಚಿದರು. ಗಿರಾಕಿ ಹೆಚ್ಚಿದಲ್ಲಿ ಬೆರಕೆಯೂ ಹೆಚ್ಚುತ್ತದೆ. ಓಟದ ಪಂದ್ಯಕ್ಕೆಂದು ಗ್ರೇಹೌಂಡ್ ರಕ್ತ ಬೆರೆಸುವುದು ಇವತ್ತಿನ ಸುದ್ದಿಯಲ್ಲ. ಹಾಗಾಗಿ 'ಒರಿಜಿನಲ್' ಎಂದು ಬರೆಯುವವರು ಮರಿಯ ಅಜ್ಜ ಅಜ್ಜಿ ಯಾರೆಂದು ತೋರಿಸಬೇಕಾಗುತ್ತದೆ. ಉದ್ರಿ ಬರೆಯುವ ವಹಿಯಂಥದೊಂದು ವಹಿ ಸಾಕು: ಯಾವ ಹೆಣ್ಣು, ಯಾವ ಗಂಡು, ಯಾವ ದಿನ ಕೂಡಿಸಿದ್ದು, ಎಷ್ಟು ಮರಿ, ಎಷ್ಟು ಸತ್ತವು. ಸತ್ತ ಮರಿಯ ಲೆಕ್ಕವನ್ನೇ ಯಾರೂ ಬರೆಯುವುದಿಲ್ಲ. ತಳಿಗಾರನಿಗೆ ಎಲ್ಲಕ್ಕಿಂತ ಹೆಚ್ಚು ಕಲಿಸುವುದು ಆ ಲೆಕ್ಕವೇ.

ಇನ್ನು 'ಪ್ಯೂರ್'. ಅದು ತಳಿಯ ಬಗೆಗಿನ ಮಾತು, ಆರೋಗ್ಯದ ಬಗೆಗಿನದಲ್ಲ. ಕೆನಲ್ ಕ್ಲಬ್ಬಿನ ಕಾಗದ ಇದ್ದರೂ ಅದು ಹೇಳುವುದು ವಂಶಾವಳಿಯನ್ನು. ಹೃದಯ ಹೇಗಿದೆ, ಕಣ್ಣು ಹೇಗಿದೆ ಎಂದಲ್ಲ. ಪರೀಕ್ಷೆಯೂ ತಳಿಗೆ ತಕ್ಕಂತೆ ಬೇರೆ. ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ಸಾಕುವವರು ಮೊದಲು ನೋಡಿಸಬೇಕಾದ್ದು ಸೊಂಟದ ಕೀಲು. ತೊಡೆಮೂಳೆಯ ಗುಂಡು ತನ್ನ ಗುಳಿಯಲ್ಲಿ ಸರಿಯಾಗಿ ಕೂರದೆ ನಾಯಿ ಕುಂಟುವ ದೋಷವಿದು, ತಂದೆತಾಯಿಯಿಂದ ಇಳಿದು ಬರುತ್ತದೆ. ಅಮೆರಿಕದಲ್ಲಿ 1966ರಿಂದ ಇದಕ್ಕೆಂದೇ ಒಂದು ಸಂಸ್ಥೆ ಎಕ್ಸ್‌ರೇ ನೋಡಿ ದರ್ಜೆ ಕೊಡುತ್ತಿದೆ, ಅದೂ ನಾಯಿಗೆ ಎರಡು ವರ್ಷ ತುಂಬಿದ ಮೇಲೆ. ಗ್ರೇಹೌಂಡ್ ಜಾತಿಯ ಓಟದ ನಾಯಿಗಳಲ್ಲಿ ಈ ದೋಷ ಅಪರೂಪ. ಅವುಗಳ ತೊಂದರೆ ಬೇರೆ ಕಡೆ. ಮೈಯಲ್ಲಿ ಕೊಬ್ಬು ಕಡಿಮೆ, ಯಕೃತ್ತು ಔಷಧಿ ಕರಗಿಸುವುದೂ ನಿಧಾನ, ಹಾಗಾಗಿ ಕೆಲವು ಹಳೆಯ ಅರಿವಳಿಕೆ ಔಷಧಿಗಳು ಬೇಗ ಇಳಿಯುವುದಿಲ್ಲ, ನಾಯಿ ಎಚ್ಚರಗೊಳ್ಳಲು ತಾಸುಗಟ್ಟಲೆ ಹಿಡಿಯುತ್ತದೆ. ನಿಮ್ಮ ನಾಯಿಗೆ ಶಸ್ತ್ರಚಿಕಿತ್ಸೆ ಬಂದರೆ, ಇದು ಬೇಟೆ ನಾಯಿ ಜಾತಿ ಎಂದು ಡಾಕ್ಟರಿಗೆ ಮೊದಲೇ ಹೇಳಿ.

"ಅವ್ವ ಅಪ್ಪ ಎರಡೂ ನಮ್ಮ ಮನ್ಯಾಗಿನ್ವೇ."

ಚೀಟಿಯಲ್ಲಿ ಹೆಮ್ಮೆಯಿಂದ ಬರೆದ ಸಾಲು ಇದು. ನನಗೆ ಅಂಜಿಕೆ ಹುಟ್ಟಿಸುವುದೂ ಇದೇ.

ಕೊಳ್ಳುವವನಿಗೆ ತಾಯಿ ತಂದೆ ಎರಡೂ ಕಣ್ಣೆದುರು ಸಿಗುವುದು ಒಳ್ಳೆಯದೇ. ಆದರೆ ಒಂದೇ ಹಟ್ಟಿಯಲ್ಲಿ ಎರಡೂ ಇವೆ ಎಂದರೆ, ಅವು ಪರಸ್ಪರ ಏನಾಗಬೇಕು? ಒಂದೇ ಸೂಲಿನ ಅಣ್ಣ ತಂಗಿಯೋ? ಮಗನನ್ನು ಇಟ್ಟುಕೊಂಡು ತಾಯಿಗೇ ಕೂಡಿಸಿದ್ದೋ? ಇದನ್ನು ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಮದುವೆಗೆ ಮುಂಚೆ ಬೆಡಗು ಕೇಳದೆ ಮಾತು ಮುಂದುವರಿಸದ ಹಿರಿಯರೇ, ನಾಯಿಯ ವಿಷಯ ಬಂದಾಗ "ರಕ್ತ ಗಟ್ಟಿ ಉಳೀತದ" ಎನ್ನುತ್ತಾರೆ. ಕುರಿಗಾರರನ್ನು ಕೇಳಿ. ತಿಳಿದ ಕುರಿಗಾರ ಹಿಂಡಿಗೆ ಒಂದೇ ಟಗರನ್ನು ಬಹಳ ವರ್ಷ ಬಿಡುವುದಿಲ್ಲ. ಅದರ ಹೆಣ್ಣುಮರಿಗಳು ಹರೆಯಕ್ಕೆ ಬರುವ ಹೊತ್ತಿಗೆ ಬೇರೆ ಹಿಂಡಿನ ಟಗರು ತರುತ್ತಾನೆ. ಪುಸ್ತಕ ಓದಿ ಮಾಡಿದ್ದಲ್ಲ, ಕುಂಟಾದ, ಕುರುಡಾದ, ಮೈ ಹಿಡಿಯದ ಮರಿ ಕಂಡು ಕಲಿತದ್ದು.

ಲೆಕ್ಕ ಹೀಗಿದೆ. ಪ್ರತಿ ಗುಣಕ್ಕೂ ಮರಿಗೆ ಎರಡು ಪ್ರತಿ ಬರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಕೆಟ್ಟ ಪ್ರತಿ ಒಂದೇ ಇದ್ದರೆ ಎಷ್ಟೋ ರೋಗ ಹೊರಗೆ ಕಾಣಿಸುವುದಿಲ್ಲ. ನಾಯಿ ಗುಂಡುಕಲ್ಲಿನ ಹಾಗಿರುತ್ತದೆ. ಎರಡೂ ಕೆಟ್ಟವು ಕೂಡಿದಾಗ ರೋಗ ಎದ್ದು ನಿಲ್ಲುತ್ತದೆ. ಒಡಹುಟ್ಟಿದವುಗಳನ್ನೋ, ತಾಯಿ ಮಗನನ್ನೋ ಕೂಡಿಸಿದರೆ ಮರಿಯ ಯಾವುದೇ ಗುಣದ ಎರಡೂ ಪ್ರತಿ ಒಂದೇ ಮೂಲದಿಂದ ಬಂದಿರುವ ಸಂಭವ 25 ಪ್ರತಿಶತ. ತಂದೆ ಇಲ್ಲವೆ ತಾಯಿ ಮಾತ್ರ ಒಂದೇ ಆದ ಒಡಹುಟ್ಟಿದವಾದರೆ 12.5. ಒಂದು ಸೂಲಿನಲ್ಲಿ ಏನೂ ಆಗದಿರಬಹುದು. ಮೂರನೆಯ ತಲೆಮಾರಿಗೆ ಮರಿಗಳ ಎಣಿಕೆ ಕಡಿಮೆಯಾಗಿ, ಗಂಡುಮರಿಯ ಒಂದು ವೃಷಣ ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದಾಗ, "ಯಾರದೋ ಕಣ್ಣು ಬಿತ್ತು" ಎನ್ನುತ್ತೇವೆ. ಕಣ್ಣಲ್ಲ, ವಹಿ ಬರೆಯದ್ದು.

ಮುಧೋಳ ತಳಿಗೆ ಈ ಮಾತು ಇನ್ನಷ್ಟು ತಾಗುತ್ತದೆ, ಯಾಕೆಂದರೆ ಶುದ್ಧ ನಾಯಿಗಳ ಎಣಿಕೆಯೇ ಕಡಿಮೆ. ಮುಧೋಳದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇರುವುದು ಈ ತಳಿಗಾಗಿಯೇ. ಹೊಸ ರಕ್ತ ಬೇಕಾದವರು ಪಕ್ಕದ ಓಣಿಯ ಗಂಡನ್ನು ತರುವ ಮುಂಚೆ ಅಲ್ಲಿಗೊಮ್ಮೆ ಹೋಗಿ ಕೇಳುವುದು ಮೇಲು. ಪಕ್ಕದ ಓಣಿಯದೂ ಬಹುಶಃ ನಿಮ್ಮ ನಾಯಿಯ ಕಾಕಾನೇ ಆಗಿರುತ್ತದೆ.

"ಮೂವತ್ತು ದಿನದ ಮರಿ, ಇಂಜೆಕ್ಷನ್ ಎಲ್ಲಾ ಆಗ್ಯಾವ."

ಈ ಸಾಲಿನ ಮೊದಲರ್ಧ ಕಾನೂನಿಗೆ ವಿರುದ್ಧ, ಎರಡನೆಯರ್ಧ ಸಾಧ್ಯವೇ ಇಲ್ಲದ್ದು. 2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಬೆಳೆಸುವ ಮತ್ತು ಮಾರುವವರಿಗೆಂದು ನಿಯಮ ತಂದಿತು. ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಎಂಟು ವಾರವೇ ಯಾಕೆ? ಮರಿ ತನ್ನ ಒಡಹುಟ್ಟಿದವುಗಳನ್ನು ಕಚ್ಚಿ, ಅವುಗಳಿಂದ ಕಚ್ಚಿಸಿಕೊಂಡು, ಎಷ್ಟು ಒತ್ತಿದರೆ ನೋವು ಎಂಬುದನ್ನು ಕಲಿಯುವ ಕಾಲ ಅದು. ತಿಂಗಳಿಗೇ ಕಿತ್ತು ತಂದ ಮರಿ ಮುಂದೆ ಮನೆಯ ಮಕ್ಕಳ ಕೈ ಮೇಲೆ ಆ ಪಾಠ ಕಲಿಯುತ್ತದೆ.

ಲಸಿಕೆ ಶುರುವಾಗುವುದೇ ಆರರಿಂದ ಎಂಟನೆಯ ವಾರಕ್ಕೆ. ಅದಕ್ಕೂ ಮುಂಚೆ ತಾಯಿಯ ಗಿಣ್ಣು ಹಾಲಿನಿಂದ ಬಂದ ರಕ್ಷಣೆ ಲಸಿಕೆಯನ್ನೇ ಕೆಲಸ ಮಾಡಗೊಡುವುದಿಲ್ಲ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ಹುಚ್ಚುನಾಯಿ ರೋಗದ ಲಸಿಕೆ ಮೂರು ತಿಂಗಳಿಗೆ. ಮೂವತ್ತು ದಿನದ ಮರಿಗೆ 'ಎಲ್ಲಾ' ಆಗಿರಲು ದಾರಿಯೇ ಇಲ್ಲ. ಆಗಿರಬೇಕಾದದ್ದು ಜಂತುಹುಳುವಿನ ಔಷಧಿ, ಎರಡನೆಯ ವಾರದಿಂದಲೇ, ಯಾಕೆಂದರೆ ಹುಳು ತಾಯಿಯ ಗರ್ಭದಲ್ಲಿದ್ದಾಗಲೇ ಮರಿಗೆ ದಾಟಿರುತ್ತದೆ. ಪಾರ್ವೋ ರೋಗ ಬಂದು ರಕ್ತಭೇದಿಯಾಗಿ ಎರಡೇ ದಿನಕ್ಕೆ ಮರಿ ಹೋದ ಮನೆಗಳು ನಮ್ಮ ಕಡೆ ಎಷ್ಟಿವೆಯೋ. ಅಲ್ಲೆಲ್ಲ ಕೇಳುವ ಮಾತು ಒಂದೇ: "ಇಂಜೆಕ್ಷನ್ ಆಗೇತಿ ಅಂದಿದ್ರು."

"ಅವ್ವ ಛಲೋ ಈಯೂ ನಾಯಿ, ವರ್ಷಕ್ಕ ಎರಡು ಸೂಲು."

ನಾಯಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ ನಿಜ. ಗರ್ಭ 63 ದಿನ. ಹಾಗೆಂದು ಎರಡೂ ಸಲ ಕೂಡಿಸಬೇಕೆಂದಿಲ್ಲ. ಒಂದು ನಿಂಬೆ ತೋಟದ ಪಂಪ್‌ಸೆಟ್ ಮನೆಯ ಹಿಂದೆ ಇಂಥ ಒಂದು ತಾಯಿಯನ್ನು ನೋಡಿದ್ದೆ. ಮುಧೋಳ ನಾಯಿಗೆ ಪಕ್ಕೆಲುಬು ಕಾಣುವುದು ಸಹಜ, ಇದಕ್ಕೆ ಬೆನ್ನುಮೂಳೆಯ ಗಂಟುಗಳೂ ಎಣಿಸುವಂತಿದ್ದವು. ಏಳು ಮರಿ ಮೊಲೆಗೆ ಬಿದ್ದಿದ್ದವು. ಅದು ಮಲಗಿದಲ್ಲೇ ಕತ್ತೆತ್ತಿ ನೋಡಿ ಮತ್ತೆ ಕತ್ತಿಳಿಸಿತು. ಕಿವಿಯೊಳಗೆ ಉಣ್ಣಿ ಗೊಂಚಲಾಗಿ ಕಚ್ಚಿಕೊಂಡಿದ್ದವು. ಒಡೆಯ ಅದರ ಮುಂದೆ ರೊಟ್ಟಿ ಮುರಿದು ಹಾಕುತ್ತ, "ಇದರ ದೆಸಿಂದ ಬೈಕ್ ತಗೊಂಡೆ" ಎಂದ. ಸುಳ್ಳು ಹೇಳಲಿಲ್ಲ.

ಮೇಲೆ ಹೇಳಿದ ನಿಯಮದಂತೆ ಹೆಣ್ಣಿಗೆ 18 ತಿಂಗಳು ತುಂಬುವ ಮುನ್ನ ಕೂಡಿಸುವಂತಿಲ್ಲ, ವರ್ಷಕ್ಕೆ ಒಂದೇ ಸೂಲು, ಜೀವಮಾನಕ್ಕೆ ಐದೇ. ಹಾಲೂಡುವ ಎಮ್ಮೆಗೆ ಹಿಂಡಿ ತೂಕ ಮಾಡಿ ಇಡುವ ರೈತನಿಗೆ ಇದನ್ನು ವಿವರಿಸಬೇಕಾಗಿಲ್ಲ.

"ಮೊಲದ ಬೆನ್ನ ಹತ್ತಿದ್ರ ಬಿಡೂದಿಲ್ಲ."

ಮೊಲದ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದನ್ನು ಮಾರಾಟದ ಚೀಟಿಯಲ್ಲಿ ಬರೆದು ಹಂಚುವುದು ಧೈರ್ಯವಂತೂ ಅಲ್ಲ. ಓಡುವ ನಾಯಿ ಬೇಕೆಂದರೆ ಓಟ ತೋರಿಸಿ, ಮೊಲ ಬೇಡ.

"ಕ್ರಾಸಿಂಗಿಗೆ ಗಂಡೂ ಸಿಗತದ."

ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಖಿಲಾರಿ ಹೋರಿ ಕೊಳ್ಳುವವನನ್ನು ನೋಡಿದ್ದೀರಲ್ಲ. ತುಟಿ ಎತ್ತಿ ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ಗೊರಸು ತಟ್ಟುತ್ತಾನೆ, ಹತ್ತು ಹೆಜ್ಜೆ ನಡೆಸುತ್ತಾನೆ. ಅದೇ ಮನುಷ್ಯ ತನ್ನ ಹೆಣ್ಣುನಾಯಿಯನ್ನು ಬೈಕಿನ ಮೇಲೆ ಕೂರಿಸಿಕೊಂಡು ಹೋಗಿ, ಗುರುತಿಲ್ಲದ ಗಂಡಿನ ಮುಂದೆ ಬಿಟ್ಟು, ಒಂದು ಮರಿ ಕೊಡುತ್ತೇನೆಂಬ ಕರಾರಿನ ಮೇಲೆ ಬರುತ್ತಾನೆ. ಆ ಗಂಡು ಆ ತಿಂಗಳು ಎಷ್ಟು ಹೆಣ್ಣುಗಳನ್ನು ಕೂಡಿದೆ ಎಂದು ಕೇಳುವುದಿಲ್ಲ.

ಕೇಳಬೇಕಾದ ರೋಗಗಳು ಎರಡು. ಮೊದಲನೆಯದು ಬ್ರುಸೆಲ್ಲೋಸಿಸ್. ದನ ಸಾಕಿದವರಿಗೆ ಹೆಸರು ಗೊತ್ತು, ಹೆಣ್ಣುಕರುಗಳಿಗೆ ಸರ್ಕಾರವೇ ಲಸಿಕೆ ಹಾಕಿಸುತ್ತದೆ. ನಾಯಿಗೆ ಬರುವುದು ಅದರ ಇನ್ನೊಂದು ಜಾತಿ, ಅದಕ್ಕೆ ಲಸಿಕೆಯಿಲ್ಲ. ಮೇಲ್ನೋಟಕ್ಕೆ ಗಂಡೂ ಹೆಣ್ಣೂ ಗಟ್ಟಿಯಾಗಿರುತ್ತವೆ. ಗರ್ಭಕ್ಕೆ ಒಂದೂವರೆ ತಿಂಗಳು ದಾಟಿದ ಮೇಲೆ ಹೆಣ್ಣು ಕಂದು ಹಾಕುತ್ತದೆ, ಗಂಡು ಕ್ರಮೇಣ ಬರಡಾಗುತ್ತದೆ. ಔಷಧಿಯಿಂದ ಪೂರ್ತಿ ಹೋಯಿತೆಂದು ನೆಚ್ಚುವಂತಿಲ್ಲ, ಹಿಡಿದ ನಾಯಿಯನ್ನು ಮತ್ತೆಂದೂ ಕೂಡಿಸಬಾರದು. ಕಂದು ಹಾಕಿದ್ದನ್ನು ಬರಿಗೈಯಲ್ಲಿ ಎತ್ತಿದವನಿಗೂ ಜ್ವರ ಅಂಟಬಹುದು. ಇದನ್ನು ಹಿಡಿಯುವುದು ರಕ್ತಪರೀಕ್ಷೆ. ಹೊಸದಾಗಿ ಅಂಟಿದ್ದರೆ ಮೊದಲ ಸಲ ಸಿಗದೆ ಹೋಗಬಹುದು, ಅದಕ್ಕೇ ಕೆಲವು ವಾರ ಬಿಟ್ಟು ಮತ್ತೊಮ್ಮೆ.

ಎರಡನೆಯದು ಕೂಟದಿಂದಲೇ ಹರಡುವ ಗಡ್ಡೆ. ಜನನಾಂಗದ ಮೇಲೆ ಹೂಕೋಸಿನಂತೆ ಬೆಳೆದು ರಕ್ತ ಒಸರುತ್ತದೆ. ಬೆದೆಯ ರಕ್ತವೆಂದು ತಪ್ಪು ತಿಳಿದು ತಿಂಗಳು ಕಳೆಯುವವರುಂಟು. ಬೀದಿನಾಯಿಗಳಲ್ಲಿ ಇದು ಹೇರಳ. ವಾರಕ್ಕೊಂದರಂತೆ ಚುಚ್ಚುಮದ್ದು ಹಾಕಿಸಿದರೆ ಹೆಚ್ಚಿನವು ಗುಣವಾಗುತ್ತವೆ. ಅಷ್ಟರಲ್ಲಿ ಆ ಗಂಡು ಎಷ್ಟು ಊರು ತಿರುಗಿರುತ್ತದೆ!

ಕೂಟಕ್ಕೆ ಕನಿಷ್ಠ 10 ದಿನ ಮುಂಚೆ ಎರಡೂ ನಾಯಿ ಆರೋಗ್ಯವಾಗಿವೆ ಎಂದು ಪಶುವೈದ್ಯರಿಂದ ಬರೆಸಿಕೊಳ್ಳಬೇಕೆಂದು ನಿಯಮ ಹೇಳುವುದು ಇದಕ್ಕೇ. ದವಾಖಾನೆಯಲ್ಲಿ ಆಗುವುದು ಜಾತ್ರೆಯಲ್ಲಿ ಆಗುವಂಥದೇ, ಕೈ ಮಾತ್ರ ಬೇರೆ. ಡಾಕ್ಟರು ತುಟಿ ಎತ್ತುವುದು ಒಸಡಿನ ಬಣ್ಣ ನೋಡಲು. ಬಿಳಿಚಿದ್ದರೆ ಉಣ್ಣಿ ಜ್ವರದ ಗುಮಾನಿ, ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ ನೋಡುತ್ತಾರೆ. ಎದೆಗೆ ಕೊಳವೆ ಇಟ್ಟು ಆಲಿಸುತ್ತಾರೆ. ಗಂಡಿನದಾದರೆ ಎರಡೂ ವೃಷಣ ಇಳಿದಿವೆಯೇ ಎಂದು ಮುಟ್ಟಿ ನೋಡುತ್ತಾರೆ. ಒಂದೇ ಇದ್ದರೆ ಅದನ್ನು ತಳಿಗೆ ಬಿಡಬಾರದು, ಎಷ್ಟೇ ಚಂದ ಓಡಲಿ.

"ಒಯ್ದ ಮರಿ ವಾಪಸ್ ಇಲ್ಲ."

ಅಂಗಡಿಯ ಬೋರ್ಡಿನಿಂದ ಇಳಿದು ಬಂದ ಸಾಲು. ಒಳ್ಳೆಯ ತಳಿಗಾರ ಇದನ್ನು ಅಳಿಸಿ, "ಸಾಕಲಾಗದಿದ್ದರೆ ನನಗೇ ತಂದು ಬಿಡಿ" ಎಂದು ಬರೆಯುತ್ತಾನೆ. ಮರಿ ಎರಡನೆಯ ವರ್ಷಕ್ಕೆ ಕುಂಟಿತೇ, ಮೂರನೆಯ ವರ್ಷಕ್ಕೆ ಕಣ್ಣು ಮಂಜಾಯಿತೇ ಎಂಬ ಸುದ್ದಿ ತಿರುಗಿ ಬರುವುದು ಹಾಗೆ ಬರೆದವನ ಮನೆಗೆ ಮಾತ್ರ. ಆ ಸುದ್ದಿಯಿಲ್ಲದೆ ಮುಂದಿನ ಜೋಡಿ ಆರಿಸುವುದು ಕತ್ತಲಲ್ಲಿ ಕೈಯಾಡಿಸಿದಂತೆ.

ಚೀಟಿ ಇಲ್ಲಿಗೆ ಮುಗಿಯಿತು. ಏಳು ಸಾಲಿನಲ್ಲಿ ತಾಯಿಯನ್ನಾಗಲಿ ತಂದೆಯನ್ನಾಗಲಿ ಡಾಕ್ಟರು ಮುಟ್ಟಿ ನೋಡಿದರೆಂಬ ಮಾತು ಒಂದೂ ಇಲ್ಲ. ನಿಮ್ಮ ಹೆಣ್ಣು ಮುಂದಿನ ಬೆದೆಗೆ ಬರುವ ಮುಂಚೆ, ಈ ವಾರವೇ, ಅದನ್ನು ದನದ ದವಾಖಾನೆಗೆ ಕರೆದುಕೊಂಡು ಹೋಗಿ. ಗಂಡಿನ ಒಡೆಯನಿಗೂ ಹೇಳಿ. ಹೋಗುವಾಗ ವಹಿ ಮರೆಯಬೇಡಿ.