ಅಂತರ್ಜಾಲದ ಪಾಠಶಾಲೆಯಲ್ಲಿ ಷೇಕ್ಸ್‌ಪಿಯರ್

ಮಹಾಕವಿಗಳನ್ನು ಎಳೆಯರಿಗೆ ಪರಿಚಯಿಸುವ ಕಾರ್ಯವು ಯಾವ ಕಾಲದಲ್ಲಿಯೂ ಸುಲಭವಾದುದಲ್ಲ. ಎತ್ತರದ ಮರದಲ್ಲಿರುವ ಹಣ್ಣು ಮಗುವಿನ ಕೈಗೆ ಎಟುಕಬೇಕಾದರೆ ಎರಡು ಮಾರ್ಗಗಳಿವೆ. ಮಗುವನ್ನು ಹೆಗಲ ಮೇಲೆ ಎತ್ತಿಕೊಳ್ಳುವುದು ಒಂದು. ಕೊಂಬೆಯನ್ನೇ ಕಡಿದು ನೆಲಕ್ಕೆ ಕೆಡಹುವುದು ಇನ್ನೊಂದು. ಎರಡರಲ್ಲಿಯೂ ಹಣ್ಣು ದೊರೆಯುತ್ತದೆ, ನಿಜ. ಆದರೆ ಎರಡನೆಯ ಮಾರ್ಗದಲ್ಲಿ ಮಗು ಮರವನ್ನು ನೋಡುವುದೇ ಇಲ್ಲ. ಇಂದು ಅಂತರ್ಜಾಲದಲ್ಲಿ ಶಾಲಾವಿದ್ಯಾರ್ಥಿಗಳಿಗಾಗಿ ಜಗತ್ತಿನ ಶ್ರೇಷ್ಠ ಸಾಹಿತಿಗಳ ಕುರಿತು ದೊರೆಯುವ ಸಾಮಗ್ರಿಯು ಅಪಾರವಾಗಿದೆ. ಅದರಲ್ಲಿ ಹೆಗಲು ಕೊಡುವಂಥದು ಯಾವುದು, ಕೊಡಲಿ ಹಿಡಿದಿರುವಂಥದು ಯಾವುದು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ. ವಿಷಯವು ವಿಸ್ತಾರವಾದುದರಿಂದ ಷೇಕ್ಸ್‌ಪಿಯರ್ ಮಹಾಕವಿಯೊಬ್ಬನನ್ನೇ ನಿದರ್ಶನವಾಗಿ ಇಟ್ಟುಕೊಳ್ಳುತ್ತೇನೆ.

ಈ ವಿಚಾರ ನನ್ನ ಮನಸ್ಸಿಗೆ ಬಂದುದು ಒಂದು ಸಣ್ಣ ಪ್ರಸಂಗದಿಂದ. ಬೆಂಗಳೂರಿನಲ್ಲಿ ಹನ್ನೊಂದನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳಿಗೆ ‘ಮ್ಯಾಕ್‌ಬೆತ್’ ನಾಟಕ ಪಠ್ಯವಾಗಿದೆ. ರಜೆಯಲ್ಲಿ ಊರಿಗೆ ಬಂದಾಗ ಆ ನಾಟಕದ ಬಗೆಗೆ ಕೇಳಿದೆ. ಕಥೆಯನ್ನು ತಪ್ಪಿಲ್ಲದೆ ಹೇಳಿದಳು. ಪಾತ್ರಗಳ ಗುಣದೋಷಗಳನ್ನು ಎಣಿಸಿದಳು. ‘ಮಹತ್ವಾಕಾಂಕ್ಷೆಯೇ ನಾಟಕದ ಮುಖ್ಯ ವಸ್ತು’ ಎಂದೂ ಸೇರಿಸಿದಳು. ನನಗೆ ಸಂತೋಷವಾಯಿತು. “ನಿನಗೆ ಬಹಳ ಇಷ್ಟವಾದ ದೃಶ್ಯ ಯಾವುದಮ್ಮ?” ಎಂದು ಕೇಳಿದಾಗ ಮಾತ್ರ ಮೌನ. ನಾಟಕವನ್ನು ಅವಳು ತೆರೆದೇ ಇರಲಿಲ್ಲ. ಎಲ್ಲವೂ ಮೊಬೈಲಿನಲ್ಲಿ ಓದಿದ ಸಾರಾಂಶ. “ಅಜ್ಜ, ಕಥೆಯೆಲ್ಲ ಗೊತ್ತಾಯಿತಲ್ಲ, ಇನ್ನು ಪುಸ್ತಕ ಓದಿ ಏನಾಗಬೇಕು?” ಎಂದು ಕೇಳಿದಳು. ಪ್ರಶ್ನೆ ಮುಗ್ಧವಾದುದು. ಆದರೆ ಸಾಹಿತ್ಯವೆಂಬ ವಸ್ತುವಿನ ಅಳಿವು ಉಳಿವುಗಳೆಲ್ಲ ಆ ಪ್ರಶ್ನೆಗೆ ನಾವು ಕೊಡುವ ಉತ್ತರದಲ್ಲಿದೆ. ಅಂದು ನನಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಕವಿಯನ್ನು ಮಕ್ಕಳಿಗಾಗಿ ಸುಲಭಗೊಳಿಸುವ ಪ್ರಯತ್ನ ಹೊಸದೇನಲ್ಲ. 1807ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಎರಡು ಗ್ರಂಥಗಳು ಪ್ರಕಟವಾದವು. ಒಂದು, ಚಾರ್ಲ್ಸ್ ಲ್ಯಾಂಬ್ ಮತ್ತು ಅವನ ಅಕ್ಕ ಮೇರಿ ಲ್ಯಾಂಬ್ ಬರೆದ ಷೇಕ್ಸ್‌ಪಿಯರ್ ಕಥೆಗಳು. ದುರಂತ ನಾಟಕಗಳನ್ನು ತಮ್ಮನೂ, ಉಳಿದವುಗಳಲ್ಲಿ ಹೆಚ್ಚಿನವನ್ನು ಅಕ್ಕನೂ ಗದ್ಯಕಥೆಗಳನ್ನಾಗಿ ಬರೆದರು. ಮುಖಪುಟದಲ್ಲಿ ಮಾತ್ರ ತಮ್ಮನ ಹೆಸರೊಂದೇ ಇದ್ದಿತು. ಇನ್ನೊಂದು, ಬೌಡ್ಲರ್ ಮನೆತನದವರ ‘ಕುಟುಂಬದ ಷೇಕ್ಸ್‌ಪಿಯರ್’. ಮನೆಮಂದಿಯೆಲ್ಲ ಕುಳಿತು ಓದಲು ಸಂಕೋಚವಾಗುವ ಮಾತುಗಳನ್ನೆಲ್ಲ ಕತ್ತರಿಸಿ ಹಾಕಿದ ಆವೃತ್ತಿ ಅದು. ಮುಂದೆ ‘ಬೌಡ್ಲರೀಕರಣ’ವೆಂಬುದು ಗ್ರಂಥಗಳನ್ನು ವಿರೂಪಗೊಳಿಸುವುದಕ್ಕೇ ಹೆಸರಾಯಿತು. ಲ್ಯಾಂಬ್ ಸೋದರರ ಪುಸ್ತಕವಾದರೋ ಇಂದಿಗೂ ಪ್ರೀತಿಯಿಂದ ಓದಲ್ಪಡುತ್ತಿದೆ. ಕಾರಣವಿಷ್ಟೇ: ತಮ್ಮ ಕಥೆಗಳು ಮೂಲನಾಟಕಗಳಿಗೆ ಕೇವಲ ಪ್ರವೇಶದ್ವಾರ, ಮಕ್ಕಳು ಬೆಳೆದ ಮೇಲೆ ಮೂಲಕ್ಕೇ ಹೋಗಬೇಕು ಎಂಬ ಆಶಯವನ್ನು ಅವರು ಮುನ್ನುಡಿಯಲ್ಲಿಯೇ ತೋಡಿಕೊಂಡಿದ್ದರು. ಸಾಧ್ಯವಾದೆಡೆಯಲ್ಲೆಲ್ಲ ಕವಿಯ ಮಾತುಗಳನ್ನೇ ಕಥೆಯೊಳಗೆ ನೇಯ್ದಿದ್ದರು. ಸಂಗ್ರಹವೆಂಬುದೇ ದೋಷವಲ್ಲ, ಅದು ಬಾಗಿಲಾಗಿದೆಯೋ ಗೋಡೆಯಾಗಿದೆಯೋ ಎಂಬುದನ್ನು ನೋಡಬೇಕು. ಇದೇ ಒರೆಗಲ್ಲಿನಿಂದ ಇಂದಿನ ಜಾಲತಾಣಗಳನ್ನೂ ಪರೀಕ್ಷಿಸಬಹುದು.

ಮೊದಲು ಉಪಕಾರವನ್ನು ಸ್ಮರಿಸೋಣ. 1971ರ ಜುಲೈ 4ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೇಲ್ ಹಾರ್ಟ್ ಎಂಬ ತರುಣನು ತನ್ನ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಗಣಕಯಂತ್ರದಲ್ಲಿ ತಾನೇ ಅಚ್ಚಿಸಿ, ಬೇಕಾದವರಿಗೆ ಉಚಿತವಾಗಿ ಒದಗಿಸಿದನು. ‘ಪ್ರಾಜೆಕ್ಟ್ ಗುಟೆನ್‌ಬರ್ಗ್’ ಎಂಬ ಗ್ರಂಥದಾಸೋಹವು ಹೀಗೆ ಆರಂಭವಾಯಿತು. ಅದರ ನೂರನೆಯ ಗ್ರಂಥವಾಗಿ 1994ರಲ್ಲಿ ಸೇರಿದುದು ಷೇಕ್ಸ್‌ಪಿಯರನ ಸಮಗ್ರ ಕೃತಿಗಳು. ಇಂದು ಅಲ್ಲಿ 70 ಸಾವಿರಕ್ಕೂ ಹೆಚ್ಚು ಪುಸ್ತಕಗಳಿವೆ. 1993ರಲ್ಲಿಯೇ ಮೆಸಾಚುಸೆಟ್ಸ್ ತಂತ್ರವಿದ್ಯಾ ಸಂಸ್ಥೆಯ ತಾಣದಲ್ಲಿ ಆ ಕವಿಯ ಎಲ್ಲ ನಾಟಕಗಳೂ ದೊರೆಯತೊಡಗಿದ್ದವು. 2005ರಲ್ಲಿ ಆರಂಭವಾದ ‘ಲಿಬ್ರಿವಾಕ್ಸ್’ ಎಂಬಲ್ಲಿ ಸ್ವಯಂಸೇವಕರು ಗ್ರಂಥಗಳನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಿಸಿ ಇರಿಸುತ್ತಾರೆ. ನಮ್ಮ ಕಾಲದಲ್ಲಿ ಒಂದು ಪ್ರತಿಯನ್ನು ಐದು ಮಂದಿ ಸರದಿಯ ಮೇಲೆ ಓದಬೇಕಾಗಿತ್ತು. ಪುಸ್ತಕ ಸಿಗಲಿಲ್ಲ ಎಂಬ ನೆಪಕ್ಕೆ ಇಂದು ಬಹುಮಟ್ಟಿಗೆ ಎಡೆಯಿಲ್ಲ.

ಪಠ್ಯದೊಂದಿಗೆ ಪಾಠಕ್ರಮವನ್ನೂ ನೀಡುವ ತಾಣಗಳಲ್ಲಿ ವಾಷಿಂಗ್ಟನ್ ನಗರದ ಫೋಲ್ಜರ್ ಷೇಕ್ಸ್‌ಪಿಯರ್ ಗ್ರಂಥಾಲಯದ್ದು ಗಮನಾರ್ಹವಾದುದು. 1932ರಲ್ಲಿ ಬಾಗಿಲು ತೆರೆದ ಈ ಸಂಸ್ಥೆಯಲ್ಲಿ 1623ರ ‘ಮೊದಲ ಫೋಲಿಯೋ’ ಗ್ರಂಥದ 82 ಪ್ರತಿಗಳಿವೆ. ಜಗತ್ತಿನಲ್ಲಿ ಬೇರೆಲ್ಲಿಯೂ ಇಷ್ಟು ಪ್ರತಿಗಳು ಒಂದೆಡೆ ಇಲ್ಲ. ಕವಿ ತೀರಿಕೊಂಡ ಏಳು ವರ್ಷಗಳ ಅನಂತರ ಅವನ ಜೊತೆಯ ನಟರಾದ ಹೆಮಿಂಗ್ಸ್ ಮತ್ತು ಕಾಂಡೆಲ್ 36 ನಾಟಕಗಳನ್ನು ಒಟ್ಟುಗೂಡಿಸಿ ಪ್ರಕಟಿಸಿರದಿದ್ದರೆ ‘ಮ್ಯಾಕ್‌ಬೆತ್’ ಸೇರಿದಂತೆ ಅವುಗಳಲ್ಲಿ ಅರ್ಧದಷ್ಟು ನಮಗೆ ದೊರೆಯುತ್ತಲೇ ಇರಲಿಲ್ಲ. ಫೋಲ್ಜರ್ ತಾಣದಲ್ಲಿ ವಿದ್ವಾಂಸರು ಪರಿಷ್ಕರಿಸಿದ ಪಾಠವು ಉಚಿತವಾಗಿದೆ. ‘ಹ್ಯಾಮ್ಲೆಟ್’ ತೆರೆದರೆ ಕೆಲವು ಸಾಲುಗಳು ಒಂದು ಬಗೆಯ ಆವರಣದಲ್ಲಿಯೂ ಕೆಲವು ಇನ್ನೊಂದು ಬಗೆಯ ಆವರಣದಲ್ಲಿಯೂ ಇವೆ. ಯಾವ ಮಾತು ಹಳೆಯ ಕ್ವಾರ್ಟೋ ಪ್ರತಿಯಲ್ಲಿ ಮಾತ್ರ ಇದೆ, ಯಾವುದು ಫೋಲಿಯೋದಲ್ಲಿ ಮಾತ್ರ ಇದೆ ಎಂಬುದನ್ನು ಅವು ತೋರಿಸುತ್ತವೆ. ಓಲೆಗರಿಗಳಲ್ಲಿ ಪಾಠಾಂತರಗಳನ್ನು ಹುಡುಕಿದ ನಮ್ಮ ವಿದ್ವಾಂಸರ ಶ್ರಮವನ್ನು ಬಲ್ಲವರಿಗೆ ಈ ಪ್ರಾಮಾಣಿಕತೆಯ ಬೆಲೆ ತಿಳಿದೀತು.

ಇದಕ್ಕಿಂತ ಹೆಚ್ಚಿನದು ಅವರ ಬೋಧನಕ್ರಮ. ವಿದ್ಯಾರ್ಥಿಯು ಕವಿಯ ಮಾತನ್ನು ಕುಳಿತು ಕೇಳಬಾರದು. ಎದ್ದು ನಿಂತು ತನ್ನ ಬಾಯಿಂದಲೇ ಆಡಬೇಕು ಎಂಬುದು ಅದರ ತಳಹದಿ. ತರಗತಿಯೆಲ್ಲ ಒಂದೇ ಕಂಠದಿಂದ ಒಂದು ಭಾಷಣವನ್ನು ಓದುವುದು, ಅದನ್ನೇ ಪಿಸುಮಾತಿನಲ್ಲಿ ಮತ್ತೊಮ್ಮೆ ಓದುವುದು, ಆಯ್ದ ಕೆಲವೇ ಮಾತುಗಳಿಂದ ಇಡೀ ನಾಟಕವನ್ನು ಇಪ್ಪತ್ತು ನಿಮಿಷಗಳಲ್ಲಿ ಆಡಿ ಮುಗಿಸುವುದು ಇಂಥ ಅಭ್ಯಾಸಗಳಿವೆ. ಇವುಗಳಲ್ಲೊಂದು ನನ್ನನ್ನು ಬಹಳ ಆಕರ್ಷಿಸಿತು. ಮಕ್ಕಳ ಗುಂಪಿಗೆ ಒಂದು ದೃಶ್ಯವನ್ನು ಕೊಟ್ಟು ಅದನ್ನು ಅರ್ಧಕ್ಕೆ ಇಳಿಸಲು ಹೇಳುತ್ತಾರೆ. ಯಾವ ಸಾಲನ್ನು ಬಿಡಬಹುದು, ಯಾವುದನ್ನು ಬಿಟ್ಟರೆ ದೃಶ್ಯವೇ ಕುಸಿಯುತ್ತದೆ ಎಂದು ಮಕ್ಕಳು ತಮ್ಮತಮ್ಮಲ್ಲಿಯೇ ವಾದಿಸುತ್ತಾರೆ. ಬೌಡ್ಲರನ ಕತ್ತರಿಯೂ ಇದೇ, ಈ ಮಕ್ಕಳ ಕತ್ತರಿಯೂ ಇದೇ. ಆದರೆ ಅಲ್ಲಿ ಹಿರಿಯರು ಕತ್ತರಿಸಿ ಮಕ್ಕಳಿಂದ ಮರೆಮಾಡಿದರು; ಇಲ್ಲಿ ಕತ್ತರಿಸುವ ಮೊದಲು ಮಗು ಪ್ರತಿಯೊಂದು ಮಾತನ್ನೂ ತೂಗಿ ನೋಡಬೇಕಾಗುತ್ತದೆ. ಇಂಗ್ಲೆಂಡಿನ ರಾಯಲ್ ಷೇಕ್ಸ್‌ಪಿಯರ್ ಕಂಪೆನಿಯು 2008ರಲ್ಲಿ ಪ್ರಕಟಿಸಿದ ಘೋಷಣೆಯೂ ಇದನ್ನೇ ಹೇಳುತ್ತದೆ: ನಿಂತು ಆಡಿರಿ, ರಂಗದ ಮೇಲೆ ಕಣ್ಣಾರೆ ನೋಡಿರಿ, ಎಳವೆಯಲ್ಲಿಯೇ ಆರಂಭಿಸಿರಿ.

ಇನ್ನು ಕೊಡಲಿಯ ಕಡೆಗೆ ಬರೋಣ. 1958ರಲ್ಲಿ ಅಮೆರಿಕದ ನೆಬ್ರಾಸ್ಕ ಪ್ರಾಂತದಲ್ಲಿ ಕ್ಲಿಫ್ಟನ್ ಹಿಲ್ಲೆಗಾಸ್ ಎಂಬಾತನು ಷೇಕ್ಸ್‌ಪಿಯರನ 16 ನಾಟಕಗಳ ಸಾರಾಂಶ ಪುಸ್ತಿಕೆಗಳಿಂದ ‘ಕ್ಲಿಫ್ಸ್ ನೋಟ್ಸ್’ ಮಾಲೆಯನ್ನು ಆರಂಭಿಸಿದನು. 1999ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳು ಹುಟ್ಟುಹಾಕಿದ ‘ಸ್ಪಾರ್ಕ್ ನೋಟ್ಸ್’ ಅದೇ ಕೆಲಸವನ್ನು ಅಂತರ್ಜಾಲಕ್ಕೆ ತಂದಿತು. ಅದರ ‘ನೋ ಫಿಯರ್ ಷೇಕ್ಸ್‌ಪಿಯರ್’ ಎಂಬ ವಿಭಾಗದಲ್ಲಿ ಎಡಗಡೆ ಮೂಲ, ಬಲಗಡೆ ಇಂದಿನ ಆಡುಮಾತಿನ ಇಂಗ್ಲಿಷ್. ಇವೆಲ್ಲ ಇಷ್ಟು ಹಬ್ಬಲು ಕಾರಣ ವಿದ್ಯಾರ್ಥಿಗಳ ಸೋಮಾರಿತನ ಮಾತ್ರವಲ್ಲ. ಪರೀಕ್ಷೆಯೇ ಮುಖ್ಯ ಕಾರಣ. ಪರೀಕ್ಷೆ ಕೇಳುವುದು ಕಥೆ, ವಸ್ತು, ಪಾತ್ರಚಿತ್ರಣ, ಒಂದೆರಡು ಉದ್ಧರಣೆಗಳು. ಇಂಗ್ಲೆಂಡಿನಲ್ಲಿಯೇ ಹದಿನಾರು ವರ್ಷದ ಮಕ್ಕಳು ಪುಸ್ತಕ ನೋಡದೆ ಷೇಕ್ಸ್‌ಪಿಯರನ ಒಂದು ಪೂರ್ಣ ನಾಟಕದ ಮೇಲೆ ಪರೀಕ್ಷೆ ಬರೆಯಬೇಕಾಗಿದೆ. ಹೀಗಿರುವಾಗ ಕಂಠಪಾಠಕ್ಕೆಂದೇ ಆಯ್ದುಕೊಟ್ಟ ಉದ್ಧರಣೆಗಳ ಪಟ್ಟಿಗೆ ಬೇಡಿಕೆ ಬಾರದೆ ಇರುತ್ತದೆಯೇ?

ಬಲಗಡೆಯ ಆಡುಮಾತಿನಲ್ಲಿ ಕಳೆದುಹೋಗುವುದೇನು? ಎರಡು ನಿದರ್ಶನಗಳನ್ನು ನೋಡೋಣ. ಆ ಕಾಲದ ಇಂಗ್ಲಿಷಿನಲ್ಲಿ ನಮ್ಮ ‘ನೀನು’, ‘ನೀವು’ಗಳಂತೆಯೇ ಎರಡು ಸರ್ವನಾಮಗಳಿದ್ದವು. ‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದಲ್ಲಿ ತಾಯಿ ಮಗನನ್ನು ತನ್ನ ಕೋಣೆಗೆ ಕರೆಸಿ, ನಿನ್ನ ತಂದೆಯನ್ನು ನೋಯಿಸಿದೆ ಎಂದು ಏಕವಚನದಲ್ಲಿ ಗದರಿಸುತ್ತಾಳೆ. ಅವಳ ದೃಷ್ಟಿಯಲ್ಲಿ ತಂದೆಯೆಂದರೆ ಈಗಿನ ಗಂಡ. ಮಗ ಅದೇ ವಾಕ್ಯವನ್ನು ಬಹುವಚನಕ್ಕೆ ತಿರುಗಿಸಿ, ಸತ್ತ ತಂದೆಯನ್ನು ನೆನೆದು, ಅವಳಿಗೇ ಹಿಂದಿರುಗಿಸುತ್ತಾನೆ. ರಾಜಮನೆತನದಲ್ಲಿ ತಾಯಿಗೆ ಬಹುವಚನ ಸಲ್ಲುವುದು ಮರ್ಯಾದೆಯೇ ಸರಿ. ಆದರೆ ಇಲ್ಲಿ ಆ ಮರ್ಯಾದೆಯೇ ಅಲಗಾಗಿದೆ. ಮರುಕ್ಷಣವೇ ತಾಯಿಯೂ ‘ನೀನು’ ಎಂಬುದನ್ನು ಬಿಟ್ಟು ‘ನೀವು’ ಎನ್ನುತ್ತಾಳೆ. ತಾಯಿ ಮಕ್ಕಳ ನಡುವಣ ಕರುಳಿನ ನಂಟು ಒಂದು ಸರ್ವನಾಮದ ಬದಲಾವಣೆಯಿಂದ ಕಡಿದುಬೀಳುತ್ತದೆ. ಇಂದಿನ ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಸರ್ವನಾಮವಾದುದರಿಂದ ಬಲಗಡೆಯ ಪುಟದಲ್ಲಿ ಇದರ ಸುಳಿವೂ ಇಲ್ಲ. ಲಂಡನ್ನಿನ ಬಾಲಕನಿಗೆ ಟಿಪ್ಪಣಿ ಬೇಕು. ಕನ್ನಡದ ಮಗುವಿಗೆ ಬೇಡ. ಮನೆಯಲ್ಲಿ ಸದಾ ‘ನೀನು’ ಎನ್ನುವ ಅವ್ವ ಕೋಪದಲ್ಲಿ ‘ತಾವು’ ಎಂದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆಂಬುದನ್ನು ಅದು ತನ್ನ ಭಾಷೆಯಲ್ಲಿಯೇ ಅನುಭವಿಸಿದೆ.

ಎರಡನೆಯದು ‘ಮ್ಯಾಕ್‌ಬೆತ್’ ನಾಟಕದ ನಿದ್ರಾನಡಿಗೆಯ ದೃಶ್ಯ. ರಾಜನ ಕೊಲೆಯಾದ ರಾತ್ರಿ ಲೇಡಿ ಮ್ಯಾಕ್‌ಬೆತ್ ಬಿಗಿಯಾದ ಪದ್ಯದಲ್ಲಿ ಮಾತನಾಡುತ್ತಾಳೆ. ಕೈಗೆ ಅಂಟಿದ ರಕ್ತಕ್ಕೆ ಸ್ವಲ್ಪ ನೀರು ಸಾಕೆಂದು ಗಂಡನಿಗೆ ಧೈರ್ಯ ಹೇಳುತ್ತಾಳೆ. ಐದನೆಯ ಅಂಕದಲ್ಲಿ ನಿದ್ದೆಗಣ್ಣಿನಲ್ಲಿ ನಡೆಯುತ್ತ, ಇಲ್ಲದ ಕಲೆಯನ್ನು ತೊಳೆಯುವ ಅದೇ ಹೆಣ್ಣಿನ ಬಾಯಿಂದ ಬರುವುದು ಮುರಿದ ಗದ್ಯ. ಅವಳ ಮನಸ್ಸಿನ ಆಧಾರ ಕುಸಿದಿದೆಯೆಂಬುದನ್ನು ಕವಿಯು ಯಾರ ಬಾಯಿಂದಲೂ ಹೇಳಿಸಬೇಕಾಗಿಲ್ಲ. ಛಂದಸ್ಸೇ ಕುಸಿದು ತೋರಿಸುತ್ತದೆ. ಅವಳು ಹೋದ ಮೇಲೆ ನೋಡಿ ನಿಂತಿದ್ದ ವೈದ್ಯನ ಮಾತಿನಲ್ಲಿ ಪದ್ಯ ಮತ್ತೆ ಮರಳುತ್ತದೆ. ಎಲ್ಲವನ್ನೂ ಗದ್ಯವಾಗಿಸಿದ ಬಲಗಡೆಯ ಪುಟದಲ್ಲಿ ಕೊಲೆಯ ರಾತ್ರಿಯೂ ಗದ್ಯ, ಈ ರಾತ್ರಿಯೂ ಗದ್ಯ. ನಮ್ಮ ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ವಾಚ್ಯಾರ್ಥ ಉಳಿಯಿತು, ಧ್ವನಿ ಹೋಯಿತು. ಧ್ವನಿಯಿಲ್ಲದ ಕಾವ್ಯ ಕೇವಲ ವರದಿ.

ಹಾಗೆಂದು ಸರಳಾನುವಾದವನ್ನು ಪೂರ್ತಿಯಾಗಿ ತಿರಸ್ಕರಿಸುವುದು ನ್ಯಾಯವಲ್ಲ. ನಾಲ್ಕು ನೂರು ವರ್ಷ ಹಳೆಯ ಭಾಷೆ ಇಂಗ್ಲಿಷರ ಮಕ್ಕಳಿಗೇ ಕಠಿನವಾಗಿರುವಾಗ ನಮ್ಮ ಮಕ್ಕಳ ಪಾಡೇನು? ಅರ್ಥವಾಗದ ಸಾಲಿಗೆ ಆಸರೆಯಾಗಿ ಬಲಗಡೆಯ ಪುಟವನ್ನು ನೋಡುವುದು ತಪ್ಪಲ್ಲ. ಊರುಗೋಲನ್ನು ಹಿಡಿದವನು ನಡೆಯುತ್ತಲೇ ಇರುತ್ತಾನೆ. ಎಡಗಡೆಯನ್ನು ನೋಡದೆಯೇ ಬಲಗಡೆಯಲ್ಲಿ ಮುಗಿಸಿಬಿಡುವುದೇ ಅನರ್ಥಕ್ಕೆ ಕಾರಣ. ಕಠಿನವಾದುದನ್ನು ತನ್ನವರಿಗೆ ತಲುಪಿಸುವ ಘನವಾದ ಮಾರ್ಗವೊಂದನ್ನು ಕನ್ನಡದಲ್ಲಿ ಕುವೆಂಪು ಅವರು ತೋರಿದ್ದಾರೆ. ‘ಹ್ಯಾಮ್ಲೆಟ್’ ಅವರ ಕೈಯಲ್ಲಿ ಬಿದನೂರಿನ ‘ರಕ್ತಾಕ್ಷಿ’ಯಾಯಿತು, ‘ಟೆಂಪೆಸ್ಟ್’ ನಾಟಕವು ‘ಬಿರುಗಾಳಿ’ಯಾಯಿತು. ಅವು ಸಾರಾಂಶಗಳಲ್ಲ, ಕಾವ್ಯಕ್ಕೆ ಕಾವ್ಯವನ್ನೇ ಕೊಟ್ಟ ಪ್ರತಿಸೃಷ್ಟಿಗಳು.

ಅಂತರ್ಜಾಲವನ್ನೇ ನೆಚ್ಚಿ ಕಪಾಟನ್ನು ಬರಿದುಮಾಡಿಕೊಳ್ಳಬಾರದೆಂಬ ಎಚ್ಚರಿಕೆಯನ್ನೂ ಇಲ್ಲಿ ಹೇಳಬೇಕು. 2014ರಲ್ಲಿ ಬ್ರಿಟಿಷ್ ಲೈಬ್ರರಿಯು ಸಾಹಿತ್ಯಬೋಧನೆಗಾಗಿ ಸೊಗಸಾದ ತಾಣವೊಂದನ್ನು ಆರಂಭಿಸಿ, ಹಸ್ತಪ್ರತಿಗಳ ಚಿತ್ರಗಳನ್ನೂ ವಿದ್ವಾಂಸರ ಲೇಖನಗಳನ್ನೂ ಶಾಲೆಗಳಿಗೆ ಒದಗಿಸಿತು. 2023ರ ಅಕ್ಟೋಬರಿನಲ್ಲಿ ದುಷ್ಕರ್ಮಿಗಳು ಆ ಗ್ರಂಥಾಲಯದ ಗಣಕವ್ಯವಸ್ಥೆಯ ಮೇಲೆ ದಾಳಿ ಮಾಡಿದರು. ತಿಂಗಳುಗಟ್ಟಲೆ ಅದರ ಸೇವೆಗಳು ಸ್ತಬ್ಧವಾದವು, ಈ ತಾಣವೂ ಮಾಯವಾಯಿತು. ಅದನ್ನೇ ನಂಬಿ ಪಾಠ ಸಿದ್ಧಪಡಿಸಿದ್ದ ಉಪಾಧ್ಯಾಯರು ಕೈಚೆಲ್ಲಬೇಕಾಯಿತು. ಇನ್ನು ಯಂತ್ರವೇ ಕ್ಷಣಾರ್ಧದಲ್ಲಿ ಪ್ರಬಂಧ ಬರೆದುಕೊಡುವ ಕಾಲವೂ ಬಂದಿದೆ. ಆ ಯಂತ್ರಕ್ಕೆ ಕೊಡಲಾಗದುದು ಒಂದೇ: ಮಗುವಿನ ನಾಲಗೆಯ ಮೇಲೆ ಕವಿಯ ಮಾತು ಹೊರಳಿದಾಗ ಆಗುವ ರೋಮಾಂಚ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟು. ಮೊದಲು ಕಥೆಯನ್ನು ಲ್ಯಾಂಬ್ ಸೋದರರಂತೆ ಬಾಯಲ್ಲಿ ಹೇಳಿರಿ. ಅನಂತರ ಒಂದೇ ಒಂದು ದೃಶ್ಯದ ಮೂಲಪಾಠವನ್ನು ಮಕ್ಕಳ ಕೈಗೆ ಕೊಟ್ಟು, ಎದ್ದು ನಿಂತು ಆಡಲು ಬಿಡಿರಿ. ತೊಡಕಾದಾಗ ಮಾತ್ರ ಸರಳಾನುವಾದ ಬರಲಿ. ಸಾರಾಂಶವು ಎಲ್ಲದರ ಕೊನೆಗೆ, ಓದಿದುದನ್ನು ನೆನೆಯಲು ಬರಲಿ. ಇಡೀ ನಾಟಕ ಮುಗಿಯದಿದ್ದರೂ ಚಿಂತೆಯಿಲ್ಲ. ಒಂದು ದೃಶ್ಯ ಎದೆಗೆ ಇಳಿದರೆ ಉಳಿದುದನ್ನು ಮಗು ತಾನೇ ಹುಡುಕಿಕೊಂಡು ಹೋಗುತ್ತದೆ.

ರಜೆ ಮುಗಿಯುವ ಮುನ್ನ ಒಂದು ಸಂಜೆ ಮೊಮ್ಮಗಳೊಡನೆ ಆ ನಿದ್ರಾನಡಿಗೆಯ ದೃಶ್ಯವನ್ನು ಗಟ್ಟಿಯಾಗಿ ಓದಿದೆ. ನಾನು ವೈದ್ಯ, ಅವಳು ರಾಣಿ. ಓದುತ್ತ ಓದುತ್ತ ಅವಳ ದನಿ ತಾನಾಗಿ ತಗ್ಗಿತು. ಕೈಗಳು ತಾವಾಗಿಯೇ ಒಂದನ್ನೊಂದು ಉಜ್ಜತೊಡಗಿದವು. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜ, ಪಾಪ ಅವಳು!” ಎಂದಳು. ಅವಳು ಓದಿದ್ದ ಸಾರಾಂಶಗಳಲ್ಲಿ ಆ ರಾಣಿ ಕ್ರೂರಿಯೆಂದೇ ಬರೆದಿದ್ದಿತು. ಕ್ರೂರಿಯ ಬಗೆಗೂ ಕರುಳು ಕರಗಬಲ್ಲದೆಂಬುದನ್ನು ಅವಳಿಗೆ ಕವಿಯೇ ಕಲಿಸಿದನು. ಕಥೆ ಗೊತ್ತಾದ ಮೇಲೆ ಪುಸ್ತಕ ಓದಿ ಏನಾಗಬೇಕು ಎಂಬ ಪ್ರಶ್ನೆಗೆ ಉತ್ತರವನ್ನು ನಾನು ಹೇಳಬೇಕಾಗಿ ಬರಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.