‘ಅವೇಕನಿಂಗ್ಸ್’ ಮತ್ತು ಕಾರಣದ ಪ್ರಶ್ನೆ

ಆಲಿವರ್ ಸ್ಯಾಕ್ಸ್ ಅವರ ‘ಅವೇಕನಿಂಗ್ಸ್’ (1973) ವಿಜ್ಞಾನ ಶಿಕ್ಷಕರು ಓದಬೇಕಾದ ಕೃತಿ. ಮೊದಲ ಮಹಾಯುದ್ಧದ ಕಾಲದಲ್ಲಿ ಕಾಣಿಸಿಕೊಂಡ ‘ಎನ್ಸೆಫಲೈಟಿಸ್ ಲೆಥಾರ್ಜಿಕಾ’ ಎಂಬ ಮಿದುಳಿನ ಉರಿಯೂತಕ್ಕೆ ತುತ್ತಾಗಿ, ದಶಕಗಳ ಕಾಲ ಕಲ್ಲಿನಂತೆ ಉಳಿದಿದ್ದ 20 ರೋಗಿಗಳ ವೃತ್ತಾಂತ ಇದರಲ್ಲಿದೆ. 1969ರಲ್ಲಿ ಎಲ್-ಡೋಪಾ ಔಷಧ ಕೊಟ್ಟಾಗ ಅನೇಕರು ಎಚ್ಚೆತ್ತು ಮಾತಾಡಿದರು. ಬಳಿಕ ತೊಡಕುಗಳೂ ತಲೆದೋರಿದವು. ಯಶಸ್ಸಿನಷ್ಟೇ ವಿಫಲತೆಯನ್ನೂ ದಾಖಲಿಸಿರುವುದು ಕೃತಿಯ ಹಿರಿಮೆ.

ಆದರೆ ಇದನ್ನು ಪರಿಚಯಿಸುವವರು, ಆ ರೋಗ 1918ರ ಇನ್‌ಫ್ಲುಯೆಂಜಾದ ಫಲವೆಂದು ಸಲೀಸಾಗಿ ಹೇಳಿಬಿಡುವುದುಂಟು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಓದುಗರಿಗೆ ಆ ಜ್ವರ ದೂರದ ಸುದ್ದಿಯಲ್ಲ. ಈ ತಾಲ್ಲೂಕುಗಳು ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಅದು ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು.

ಸಾಕ್ಷ್ಯವೇನು? ವಿಯೆನ್ನಾದ ವೈದ್ಯ ಫಾನ್ ಎಕನಾಮೊ ಈ ಕಾಯಿಲೆಯನ್ನು 1917ರಲ್ಲೇ ವರ್ಣಿಸಿದ್ದರು. ಕಾರ್ಯವು ಕಾರಣಕ್ಕಿಂತ ಮೊದಲು ಬರಲಾರದು. ಕಾಪಿಟ್ಟ ಮಿದುಳಿನ ಅಂಗಾಂಶಗಳನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇನ್‌ಫ್ಲುಯೆಂಜಾ ವೈರಸ್ಸಿನ ಆರ್‌ಎನ್‌ಎ ಸಿಗಲಿಲ್ಲ. ಆದರೆ ಇನ್‌ಫ್ಲುಯೆಂಜಾದಿಂದ ತತ್ತರಿಸಿದ ಪಶ್ಚಿಮ ಸಮೋವಾದಲ್ಲಿ ಈ ಉರಿಯೂತದ ಸಾವುಗಳು ಹೆಚ್ಚು. ಹಡಗುಗಳನ್ನು ತಡೆದು ಜ್ವರವನ್ನು ದೂರವಿಟ್ಟ ಅಮೆರಿಕನ್ ಸಮೋವಾದಲ್ಲಿ ತೀರ ಕಡಿಮೆ. ಹೀಗಾಗಿ ಪ್ರಶ್ನೆ ಇನ್ನೂ ತೆರೆದೇ ಇದೆ.

ಕೋವಿಡ್ ಅನಂತರ ಕಂಡ ಮರೆವು, ಕೈಕಾಲಿನ ಬಲಹೀನತೆಗಳನ್ನೆಲ್ಲ ವೈರಸ್ಸಿನ ತಲೆಗೆ ಕಟ್ಟುವ ಅಥವಾ ಸಾರಾಸಗಟಾಗಿ ತಳ್ಳಿಹಾಕುವ ಮುನ್ನ ವಿದ್ಯಾರ್ಥಿ ಕೇಳಬೇಕಾದವು ಮೂರು ಪ್ರಶ್ನೆಗಳು: ಯಾವುದು ಮೊದಲು ಬಂತು? ಸೋಂಕು ತಗಲದವರಲ್ಲಿ ಅದು ಎಷ್ಟು? ಸೋಂಕು ನರಗಳನ್ನು ಕೆಡಿಸಿದ್ದು ಯಾವ ದಾರಿಯಲ್ಲಿ? ಈ ಪ್ರಶ್ನೆಗಳೊಡನೆ ಓದಿದರೆ ‘ಅವೇಕನಿಂಗ್ಸ್’ ಇನ್ನಷ್ಟು ಕಲಿಸುತ್ತದೆ.